ಬೆರಳಿಗೆ ಸುಳ್ಳು ಹೇಳಬಾರದು

ಮಕ್ಕಳೇ, ಮಕ್ಕಳ ಅಜ್ಜ-ಅಜ್ಜಿಯರೇ,

ಹೋದ ತಿಂಗಳು ನನ್ನ ಮೊಮ್ಮಗಳು ಫೋನು ಮಾಡಿ, "ಅಜ್ಜ, ನಿನ್ನ ಆ ಹುಳುಕು ಹಲ್ಲು ಇನ್ನೂ ಹಾಗೇ ಇದೆಯಾ?" ಎಂದು ಕೇಳಿದಳು. ನನಗೆ ಬಹಳ ಸಂತೋಷವಾಯಿತು. ಎಪ್ಪತ್ತನಾಲ್ಕು ವರ್ಷದ ಮುದುಕನ ಹಲ್ಲಿನ ಯೋಗಕ್ಷೇಮ ವಿಚಾರಿಸುವವರು ಈ ಕಾಲದಲ್ಲಿ ಎಷ್ಟು ಮಂದಿ ಇದ್ದಾರೆ ಹೇಳಿ?

"ಇದೆ ಪುಟ್ಟೀ, ಬಲಗಡೆ ಕೆಳದವಡೆಯಲ್ಲಿ. ತಣ್ಣೀರು ಕುಡಿದರೆ ಜುಂ ಅನ್ನುತ್ತೆ" ಎಂದೆ.

"ಹಾಗಾದ್ರೆ ಅದನ್ನ ಬೇರೆ ಯಾರಿಗೂ ತೋರಿಸಬೇಡ. ನಂಗೆ ಬೇಕು!" ಎಂದಳು.

ವಿಷಯ ಏನೆಂದರೆ, ಅವಳು ದಂತವೈದ್ಯ ಕಾಲೇಜಿನಲ್ಲಿ ಮೂರನೇ ವರ್ಷಕ್ಕೆ ಬಂದಿದ್ದಾಳೆ. ಇನ್ನು ಮೇಲೆ ನಿಜವಾದ ರೋಗಿಗಳ ಬಾಯಿಗೆ ಕೈ ಹಾಕಬೇಕು. ಮೊದಲ ರೋಗಿ ಬೇಕಾದಾಗ ಈ ವಿದ್ಯಾರ್ಥಿಗಳು ಮನೆಯವರನ್ನೇ ಹಿಡಿದು ತರುತ್ತಾರಂತೆ. ಅವಳ ಅಪ್ಪನ ಹಲ್ಲು ಕಲ್ಲಿನಷ್ಟು ಗಟ್ಟಿ. ಅಮ್ಮ ಡ್ರಿಲ್ಲಿನ ಸದ್ದು ಕೇಳಿದರೇ ಕುರ್ಚಿಯಿಂದ ಎದ್ದು ಓಡುತ್ತಾಳೆ. ಉಳಿದವನು ನಾನು. ಜಂಬದಿಂದ ಒಪ್ಪಿಕೊಂಡೆ. ಫೋನು ಇಟ್ಟ ಮೇಲೆ ಹೆದರಿಕೆ ಶುರುವಾಯಿತು. ಏಕೆಂದರೆ ಕಲಿಯುವ ಕೈ ಎಂಥ ಎಡವಟ್ಟು ಮಾಡುತ್ತದೆ ಎಂಬುದು ನನ್ನ ಕೈಗೇ ಚೆನ್ನಾಗಿ ಗೊತ್ತು.

ಆ ಕತೆ ಮೊದಲು ಹೇಳಿಬಿಡುತ್ತೇನೆ.

ನಾನು ಬಿ.ಕಾಂ. ಮುಗಿಸಿ ಗುಮಾಸ್ತನಾಗಿ ಸೇರಿದ್ದು ಮಲೆನಾಡಿನ ಒಂದು ಸಣ್ಣ ಊರಿನ ಬ್ಯಾಂಕ್ ಶಾಖೆಗೆ. 1970ರ ದಶಕ. ನೋಟು ಎಣಿಸುವ ಯಂತ್ರ ನಾವು ಕಂಡಿರಲಿಲ್ಲ. ಎಲ್ಲ ಬೆರಳಿನಲ್ಲೇ. ಕ್ಯಾಷ್ ಕೌಂಟರಿಗೆ ಕೂರಿಸುವ ಮೊದಲು ಹದಿನೈದು ದಿನ ಅಭ್ಯಾಸ ಮಾಡು ಎಂದು ಒಬ್ಬ ಹಿರಿಯ ಸಹೋದ್ಯೋಗಿ ಬಿಳಿ ಕಾಗದವನ್ನು ನೋಟಿನ ಅಳತೆಗೆ ಕತ್ತರಿಸಿ ನೂರು ನೂರರ ಕಟ್ಟು ಮಾಡಿ ಕೊಟ್ಟರು. ನಾನು ರಾತ್ರಿಯೆಲ್ಲ ರೂಮಿನಲ್ಲಿ ಕೂತು ಎಣಿಸಿದೆ. ಹೊಸ ಕಾಗದ, ಗರಿಗರಿ. ಎರಡು ವಾರದಲ್ಲಿ ನನ್ನ ಬೆರಳು ಹೊಲಿಗೆ ಮಿಷನ್ನಿನ ಸೂಜಿಯ ಹಾಗೆ ಓಡತೊಡಗಿತು.

ಕೌಂಟರಿಗೆ ಕೂತದ್ದು ಜುಲೈ ತಿಂಗಳು. ಹೊರಗೆ ಮಲೆನಾಡಿನ ಜಡಿಮಳೆ, ಒಳಗೆ ಸಂತೆಯ ದಿನದ ಜನ. ಕೈಗೆ ಬಂದ ನೋಟುಗಳೋ, ಬೆವರು, ಎಣ್ಣೆ, ಅಡಿಕೆ ಚೊಗರು, ಮಳೆನೀರು ಎಲ್ಲ ಕುಡಿದು ಮೆತ್ತಗಾಗಿ ಒಂದಕ್ಕೊಂದು ಅಂಟಿಕೊಂಡಿದ್ದವು. ನನ್ನ ಬೆರಳಿಗೆ ಅಂಥ ಕಾಗದದ ಪರಿಚಯವೇ ಇರಲಿಲ್ಲ. ಎರಡು ನೋಟನ್ನು ಒಂದೆಂದು ಎಣಿಸಿ ಕೊಟ್ಟುಬಿಟ್ಟೆ. ಸಂಜೆ ಲೆಕ್ಕ ಮುಗಿಸುವಾಗ 90 ರೂಪಾಯಿ ಕಡಿಮೆ! ಅದನ್ನು ನನ್ನ ಸಂಬಳದಿಂದಲೇ ತುಂಬಿದೆ. ಮಾರನೇ ದಿನ ನಮ್ಮ ಹೆಡ್ ಕ್ಯಾಷಿಯರ್ ನನ್ನ ಬಿಳಿ ಕಾಗದದ ಕಟ್ಟನ್ನು ಕಸದ ಬುಟ್ಟಿಗೆ ಹಾಕಿದರು. ಪೇಟೆಯಿಂದ ಬಂದ ಹಳೆಯ ನೋಟುಗಳ ಒಂದು ಕಟ್ಟು ತೆಗೆದು, "ಇದನ್ನು ಕಣ್ಣು ಮುಚ್ಚಿ ಎಣಿಸು. ಬೆರಳಿಗೆ ಸುಳ್ಳು ಹೇಳಿ ಕಲಿಸಿದರೆ ಅದು ಸುಳ್ಳನ್ನೇ ಕಲಿಯುತ್ತೆ ಮಾರಾಯ" ಎಂದರು. ಕೌಂಟರು ಮುಚ್ಚಿದ ಮೇಲೆ ಅವರೆದುರೇ ಕೂತು ಎಣಿಸುತ್ತಿದ್ದೆ. ಮತ್ತೆ ಅಂಥ ತಪ್ಪು ಆಗಲಿಲ್ಲ.

ನನ್ನ ಕಲಿಕೆಯ ಖರ್ಚು 90 ರೂಪಾಯಿ. ಅದನ್ನು ಕೊಟ್ಟವನು ನಾನೇ. ಆದರೆ ಡಾಕ್ಟರ್ ಕಲಿಯುವಾಗ ತಪ್ಪಿದರೆ ಖರ್ಚು ಯಾರ ತಲೆಗೆ? ರೋಗಿಯ ತಲೆಗೆ, ಅಥವಾ ಹಲ್ಲಿಗೆ. ಅದರಲ್ಲೂ ದುಡ್ಡು ಕೊಟ್ಟು ದೊಡ್ಡ ಡಾಕ್ಟರ ಹತ್ತಿರ ಹೋಗಲಾರದ ಬಡವರೇ ಕಲಿಯುವವರ ಕೈಗೆ ಸಿಗುವುದು. ಈ ಮಾತು ನನ್ನ ಮನಸ್ಸಿನಲ್ಲಿ ಕೊರೆಯುತ್ತಿತ್ತು. ಪುಟ್ಟಿಗೆ ಹೇಳಿದೆ. "ಅದಕ್ಕೇ ಅಜ್ಜ, ನಮ್ಮ ಕಾಲೇಜಿಗೆ ಒಂದು ಮಿಷನ್ ಬಂದಿದೆ. ಅಜ್ಜೀನೂ ಕರ್ಕೊಂಡು ಬಾ, ತೋರಿಸ್ತೀನಿ" ಎಂದಳು. ಪೋಷಕರಿಗೆ ಕಾಲೇಜು ತೋರಿಸುವ ದಿನ ಒಂದಿತ್ತು. ಹೋದೆವು.

ಮೊದಲು ಅವಳು ಹಳೆಯ ಅಭ್ಯಾಸದ ಕೋಣೆ ತೋರಿಸಿದಳು. ಸಾಲಾಗಿ ಲೋಹ-ರಬ್ಬರಿನ ತಲೆಗಳು, ಬಾಯಿ ತೆರೆದುಕೊಂಡು ಮಲಗಿದ್ದವು. ನಮ್ಮ ಮನೆಯವಳು "ಅಯ್ಯೋ ರಾಮ" ಎಂದು ನನ್ನ ಹಿಂದೆ ಬಂದಳು. ಇವಕ್ಕೆ ಫ್ಯಾಂಟಮ್ ತಲೆ ಎನ್ನುತ್ತಾರೆ. 19ನೇ ಶತಮಾನದ ಕೊನೆಯಿಂದಲೂ ದಂತವೈದ್ಯರು ಇಂಥ ತಲೆಗಳ ಮೇಲೆ ಕಲಿಯುತ್ತಿದ್ದಾರೆ. ಬಾಯಲ್ಲಿ ಪ್ಲಾಸ್ಟಿಕ್ ಹಲ್ಲು ಕೂರಿಸಿ ಕೊರೆಯುವುದು. ಕಿತ್ತ ನಿಜವಾದ ಹಲ್ಲುಗಳನ್ನು ಸೀಸೆಯಲ್ಲಿ ಕೂಡಿಟ್ಟು ಅದರ ಮೇಲೆ ಕಲಿಯುವುದೂ ಉಂಟು.

"ತೊಂದರೆ ಏನು ಗೊತ್ತಾ ಅಜ್ಜ? ಸಾಮಾನ್ಯ ಪ್ಲಾಸ್ಟಿಕ್ ಹಲ್ಲು ಮೇಲೂ ಒಳಗೂ ಒಂದೇ ಗಟ್ಟಿ. ನಿಜವಾದ ಹಲ್ಲು ಹಾಗಲ್ಲ" ಎಂದಳು. ನಾನು ನಕ್ಕೆ. ನನ್ನ ಬಿಳಿ ಕಾಗದದ ಕಟ್ಟು ನೆನಪಾಯಿತು.

ನಿಜವಾದ ಹಲ್ಲು ಮೂರು ಪದರದ ಮನೆ. ಹೊರಗಿನ ಎನಾಮಲ್ ನಮ್ಮ ಇಡೀ ದೇಹದಲ್ಲೇ ಅತ್ಯಂತ ಗಟ್ಟಿಯಾದ ವಸ್ತು, ಎಲುಬಿಗಿಂತಲೂ ಗಟ್ಟಿ. ಅದರ ಕೆಳಗೆ ಸ್ವಲ್ಪ ಹಳದಿಯಾದ, ಸ್ವಲ್ಪ ಮೆತ್ತನೆಯ ಡೆಂಟಿನ್. ಒಳಗೆ ನರ, ರಕ್ತನಾಳ ಇರುವ ತಿರುಳು. ಹುಳುಕು ಹಿಡಿದ ಭಾಗ ಗೆದ್ದಲು ತಿಂದ ಮರದ ಹಾಗೆ ಮೃದು. ಒಳ್ಳೆಯ ದಂತವೈದ್ಯನಿಗೆ ಹುಳುಕು ಎಲ್ಲಿ ಮುಗಿಯಿತು, ಗಟ್ಟಿ ಎಲ್ಲಿ ಶುರುವಾಯಿತು ಎಂಬುದನ್ನು ಕಣ್ಣಿನ ಜೊತೆ ಕೈಯೂ ಹೇಳುತ್ತದೆ. ಬಡಗಿಯ ಕೈಯಲ್ಲಿ ಬೈರಿಗೆ ಗಂಟು ಸಿಕ್ಕಿದ್ದನ್ನು ಹೇಳುವುದಿಲ್ಲವೇ, ಹಾಗೆ.

ಇನ್ನು ಹೊಸ ಯಂತ್ರ. ನೋಡಲು ಸಣ್ಣ ಮೇಜಿನ ಹಾಗಿದೆ. ಪುಟ್ಟಿ ನನಗೊಂದು ಕನ್ನಡಕ ಕೊಟ್ಟಳು. ಹಾಕಿಕೊಂಡು ಬಗ್ಗಿ ನೋಡಿದರೆ ಎದುರಿಗೆ ದೊಡ್ಡದೊಂದು ದವಡೆ ಹಲ್ಲು, ಮುಟ್ಟಿ ನೋಡೋಣ ಅನ್ನುವಷ್ಟು ಸಹಜ. ಇದು ವರ್ಚುವಲ್ ರಿಯಾಲಿಟಿ, ಅಂದರೆ ಇಲ್ಲದ್ದನ್ನು ಇದ್ದ ಹಾಗೆ ತೋರಿಸುವುದು. ಎಡಗಣ್ಣಿಗೂ ಬಲಗಣ್ಣಿಗೂ ತುಸು ಬೇರೆ ಬೇರೆ ಚಿತ್ರ ಹೋಗುತ್ತದೆ. ಮಿದುಳು ಎರಡನ್ನೂ ಸೇರಿಸಿ ಆಳ ಕಾಣುತ್ತದೆ.

ಅಷ್ಟು ಮಾತ್ರವಾಗಿದ್ದರೆ ಅದೊಂದು ಸಿನಿಮಾ. ಕೈಗೆ ಒಂದು ಡ್ರಿಲ್ಲಿನ ಹಿಡಿ ಕೊಟ್ಟಳು, ಕಾಲ ಕೆಳಗೆ ಪೆಡಲ್. "ಮೆಲ್ಲಗೆ ಹಲ್ಲಿಗೆ ತಾಗಿಸು" ಎಂದಳು. ತಾಗಿಸಿದೆ. ಮಕ್ಕಳೇ, ನಂಬಿದರೆ ನಂಬಿ, ನನ್ನ ಕೈ ನಿಂತುಬಿಟ್ಟಿತು! ಅಲ್ಲಿ ಇರುವುದು ಬರೀ ಗಾಳಿ, ಆದರೆ ಕೈಗೆ ಕಲ್ಲು ತಾಗಿದ ಹಾಗಾಯಿತು. ಪೆಡಲ್ ಒತ್ತಿದೆ. ಜುಯ್ಯೆಂದು ಸದ್ದು, ಕೈಯಲ್ಲಿ ಸಣ್ಣ ನಡುಕ. ಒಂದಿಷ್ಟು ಹೊತ್ತು ಗಟ್ಟಿ, ಆಮೇಲೆ ಇದ್ದಕ್ಕಿದ್ದಂತೆ ಮೃದು. "ಅದೇ ಹುಳುಕು, ನಿಧಾನ" ಎಂದಳು. ನನ್ನ ಮುದಿ ಕೈ ನಿಧಾನ ಆಗಲಿಲ್ಲ. ಪರದೆಯಲ್ಲಿ ಕೆಂಪು ಕಂಡಿತು.

"ಅಜ್ಜ, ನರಕ್ಕೆ ಹೋಗಿಬಿಟ್ಟೆ ನೀನು!" ಎಂದು ಪುಟ್ಟಿ ಕೂಗಿದಳು.

ಕಿವಿ ಸ್ವಲ್ಪ ಮಂದವಾದ ನಮ್ಮ ಮನೆಯವಳು, "ಛೀ, ಅಜ್ಜ ನರಕಕ್ಕೆ ಯಾಕೆ ಹೋಗ್ತಾರೆ, ಬಿಡ್ತು ಅನ್ನು" ಎಂದಳು. ಇಡೀ ಕೋಣೆ ನಕ್ಕಿತು. ಯಾರಿಗೂ ನೋವಾಗಲಿಲ್ಲ. ಗುಂಡಿ ಒತ್ತಿದರೆ ಹೊಸ ಹಲ್ಲು ಬಂತು. ನಾಲ್ಕನೇ ಹಲ್ಲಿಗೆ ನನ್ನ ಕೈ ಸ್ವಲ್ಪ ಬುದ್ಧಿ ಕಲಿಯಿತು.

ಗಾಳಿ ಹೇಗೆ ಗಟ್ಟಿಯಾಗುತ್ತದೆ? ನಾನು ಲೆಕ್ಕದವನು, ವಿವರ ಕೇಳದೆ ಬಿಡುವವನಲ್ಲ. ಆ ಹಿಡಿಯ ಇನ್ನೊಂದು ತುದಿ ಒಂದು ಸಣ್ಣ ಯಂತ್ರದ ತೋಳಿಗೆ ಸೇರಿದೆ. ಕಂಪ್ಯೂಟರು ಹಲ್ಲನ್ನು ಸಣ್ಣ ಸಣ್ಣ ಕಣಗಳ ರಾಶಿಯಾಗಿ ಲೆಕ್ಕದಲ್ಲಿ ಇಟ್ಟುಕೊಂಡಿರುತ್ತದೆ. ಯಾವ ಕಣ ಎಷ್ಟು ಗಟ್ಟಿ ಎಂಬುದೂ ಬರೆದಿರುತ್ತದೆ. ನನ್ನ ಕೈ ಎಲ್ಲಿದೆ ಎಂದು ತೋಳು ಹೇಳುತ್ತದೆ. ತುದಿ ಹಲ್ಲಿಗೆ ತಾಗುವ ಜಾಗ ಬಂದ ತಕ್ಷಣ ಕಂಪ್ಯೂಟರು "ಇಷ್ಟು ಬಲದಿಂದ ಹಿಂದಕ್ಕೆ ನೂಕು" ಎಂದು ತೋಳಿನ ಮೋಟರುಗಳಿಗೆ ಆಜ್ಞೆ ಕೊಡುತ್ತದೆ. ಆ ನೂಕುವಿಕೆಯೇ ನನಗೆ ಹಲ್ಲು. ಈ ವಿದ್ಯೆಗೆ ಹ್ಯಾಪ್ಟಿಕ್ಸ್ ಎಂದು ಹೆಸರು, ಗ್ರೀಕ್ ಭಾಷೆಯ ಮುಟ್ಟುವ ಮಾತಿನಿಂದ ಬಂದದ್ದು. ನಿಮ್ಮ ಅಪ್ಪನ ಜೇಬಿನಲ್ಲಿ ಮೊಬೈಲು ಗುರ್ರ್ ಎಂದು ನಡುಗುತ್ತದಲ್ಲ, ಅದೂ ಈ ಮನೆತನದ್ದೇ.

ಇಲ್ಲೊಂದು ಸ್ವಾರಸ್ಯದ ಲೆಕ್ಕ ಇದೆ. ಸಿನಿಮಾದಲ್ಲಿ ಸೆಕೆಂಡಿಗೆ 24 ಚಿತ್ರ ತೋರಿಸಿದರೆ ಸಾಕು, ಕಣ್ಣು ಮೋಸ ಹೋಗುತ್ತದೆ. ಬೆರಳು ಅಷ್ಟು ಸುಲಭದ ಆಸಾಮಿಯಲ್ಲ. ಅದಕ್ಕೆ ಗಟ್ಟಿ ವಸ್ತು ಮುಟ್ಟಿದ ಹಾಗೆ ನಂಬಿಸಬೇಕಾದರೆ ಈ ಲೆಕ್ಕಾಚಾರವನ್ನು ಸೆಕೆಂಡಿಗೆ ಸುಮಾರು 1000 ಸಲ ಮಾಡಬೇಕು. ಸುಮಾರು 42 ಪಟ್ಟು! ತಡವಾದರೆ ಕಲ್ಲು ರಬ್ಬರಿನ ಹಾಗೆ ತೋರುತ್ತದೆ, ಇಲ್ಲವೇ ಕೈಯಲ್ಲಿ ಗಡಗಡ ನಡುಗುತ್ತದೆ. ಹೆಡ್ ಕ್ಯಾಷಿಯರ್ ಹೇಳಿದ್ದು ವಿಜ್ಞಾನಿಗಳಿಗೂ ಗೊತ್ತಿತ್ತು ಎಂದಾಯಿತು.

ಇದು ಹುಟ್ಟಿದ ಕತೆ ಇನ್ನೂ ಚೆನ್ನಾಗಿದೆ. ಅಮೆರಿಕದ ಅರ್ಗಾನ್ ರಾಷ್ಟ್ರೀಯ ಪ್ರಯೋಗಾಲಯದಲ್ಲಿ ವಿಕಿರಣ ಸೂಸುವ ವಸ್ತುಗಳನ್ನು ದಪ್ಪ ಗೋಡೆಯ ಆಚೆ ಇಟ್ಟು, ಈಚೆಯಿಂದ ಯಂತ್ರದ ಕೈಗಳಲ್ಲಿ ಎತ್ತಿ ಇಡಬೇಕಿತ್ತು. ಗಾಜಿನ ಪಾತ್ರೆಯನ್ನು ಎಷ್ಟು ಬಿಗಿಯಾಗಿ ಹಿಡಿದೆವು ಎಂದು ಗೊತ್ತಾಗದಿದ್ದರೆ ಪಾತ್ರೆ ಒಡೆಯುತ್ತದೆ. ಅದಕ್ಕಾಗಿ ರೇಮಂಡ್ ಗೋರ್ಟ್ಜ್ ಎಂಬ ಎಂಜಿನಿಯರ್ 1950ರ ದಶಕದಲ್ಲಿ ಆಚೆಯ ಕೈಗೆ ತಾಗಿದ್ದನ್ನು ಈಚೆಯ ಕೈಗೆ ಮೋಟರುಗಳ ಮೂಲಕ ತಿಳಿಸುವ ಏರ್ಪಾಡು ಮಾಡಿದರು. ನಾರ್ತ್ ಕೆರೊಲಿನಾ ವಿಶ್ವವಿದ್ಯಾಲಯದ ಫ್ರೆಡರಿಕ್ ಬ್ರೂಕ್ಸ್ ಅದೇ ಅರ್ಗಾನ್ ತೋಳನ್ನು ಕಂಪ್ಯೂಟರಿಗೆ ಕಟ್ಟಿದರು. ಆಚೆ ಕಡೆ ನಿಜವಾದ ವಸ್ತುವೇ ಇಲ್ಲ, ಕಂಪ್ಯೂಟರಿನ ಲೆಕ್ಕ ಮಾತ್ರ! ರಸಾಯನ ವಿಜ್ಞಾನಿಗಳು ಅಣುಗಳ ನಡುವಿನ ಸೆಳೆತ-ತಳ್ಳಾಟಗಳನ್ನು ಕೈಯಾರೆ ಅನುಭವಿಸಿದರು.

ಅವೆಲ್ಲ ಆಳೆತ್ತರದ ತೋಳುಗಳು. ಮೇಜಿನ ಮೇಲೆ ಕೂರುವಂಥದ್ದನ್ನು 1993ರ ಹೊತ್ತಿಗೆ ಎಂಐಟಿಯಲ್ಲಿ ಥಾಮಸ್ ಮ್ಯಾಸಿ ಎಂಬ ವಿದ್ಯಾರ್ಥಿ ತನ್ನ ಗುರು ಕೆನೆತ್ ಸಾಲಿಸ್‌ಬರಿ ಜೊತೆ ಸೇರಿ ಮಾಡಿದ. ಹೆಸರು ಫ್ಯಾಂಟಮ್. ದರ್ಜಿಗಳು ಬೆರಳಿಗೆ ಹಾಕುವ ಟೋಪಿಯಂಥದ್ದರಲ್ಲಿ ಬೆರಳಿಟ್ಟರೆ ಇಲ್ಲದ ವಸ್ತುವನ್ನು ಮುಟ್ಟಬಹುದಿತ್ತು. ಆ ವಿದ್ಯಾರ್ಥಿ ಮುಂದೆ ಅಮೆರಿಕದ ಸಂಸತ್ ಸದಸ್ಯನಾದ.

ಇನ್ನೊಂದು ಕವಲು ವಿಮಾನದ್ದು. ಎಡ್ವಿನ್ ಲಿಂಕ್ ಎಂಬವನ ತಂದೆ ಅಮೆರಿಕದ ಬಿಂಗ್‌ಹ್ಯಾಮ್‌ಟನ್ ಊರಿನಲ್ಲಿ ಆರ್ಗನ್ ವಾದ್ಯದ ಕಾರ್ಖಾನೆ ನಡೆಸುತ್ತಿದ್ದ. ನಮ್ಮ ಹಾರ್ಮೋನಿಯಮ್ಮಿನ ಹಾಗೆ ಅದಕ್ಕೂ ತಿದಿ ಇರುತ್ತದೆ. ಮಗ 1929ರಲ್ಲಿ ಅದೇ ತಿದಿಗಳನ್ನು ಬಳಸಿ, ನೆಲದ ಮೇಲೇ ವಾಲಿ ಓಲಾಡುವ ಒಂದು ಸುಳ್ಳು ವಿಮಾನ ಮಾಡಿದ. ಮೊದಮೊದಲು ಜನ ಅದನ್ನು ಜಾತ್ರೆಯ ಆಟಿಕೆ ಎಂದುಕೊಂಡರು. 1934ರಲ್ಲಿ ಅಮೆರಿಕದ ಸೇನೆಯ ಪೈಲಟ್‌ಗಳು ಟಪಾಲು ಸಾಗಿಸಲು ಹೋಗಿ ಕೆಟ್ಟ ಹವೆಯಲ್ಲಿ ಪ್ರಾಣ ಕಳೆದುಕೊಂಡಾಗ ಸೇನೆ ಅಂಥ 6 ಯಂತ್ರ ಕೊಂಡಿತು. ಎರಡನೇ ಮಹಾಯುದ್ಧ ಮುಗಿಯುವುದರೊಳಗೆ 5 ಲಕ್ಷಕ್ಕೂ ಹೆಚ್ಚು ಮಂದಿ ಅದರಲ್ಲಿ ಕಲಿತಿದ್ದರು.

ಈಗಿನ ಪ್ರಯಾಣಿಕ ವಿಮಾನ ವೇಗ ಕಳೆದುಕೊಂಡು ಬೀಳುವ ಹಂತಕ್ಕೆ ಬಂದರೆ ಪೈಲಟ್ ಹಿಡಿದ ಕೋಲು ತಾನಾಗಿ ಗಡಗಡ ನಡುಗುವ ಏರ್ಪಾಡು ಅನೇಕ ವಿಮಾನಗಳಲ್ಲಿದೆ. ಕಣ್ಣು ಕಿವಿ ಬೇರೆ ಕಡೆ ಇದ್ದರೂ ಕೈ ಎಚ್ಚರವಾಗಲಿ ಎಂದು. ಕಲಿಕೆಯ ಯಂತ್ರದಲ್ಲೂ ಅದು ಹಾಗೇ ನಡುಗಬೇಕು. ನಮ್ಮ ಬೆಂಗಳೂರಿನಲ್ಲೂ ಎಚ್‌ಎಎಲ್ ಮತ್ತು ಕೆನಡಾದ ಸಿಎಇ ಕಂಪನಿ ಸೇರಿ 2010ರಲ್ಲಿ ಹ್ಯಾಟ್ಸಾಫ್ ಎಂಬ ಹೆಲಿಕಾಪ್ಟರ್ ತರಬೇತಿ ಕೇಂದ್ರ ತೆರೆದವು. ಅಲ್ಲಿ ಪೈಲಟ್‌ಗಳು ನೆಲ ಬಿಡದೆ ಹಾರಾಟ ಕಲಿಯುತ್ತಾರೆ.

ವಿಮಾನಕ್ಕೂ ಹಲ್ಲಿಗೂ ಏನು ಸಂಬಂಧ ಎನ್ನಬೇಡಿ. ಹಲ್ಲಿನ ಯಂತ್ರಗಳಲ್ಲಿ ಹೆಸರು ಮಾಡಿದ ಸಿಮೊಡಾಂಟನ್ನು ಆಮ್‌ಸ್ಟರ್‌ಡ್ಯಾಮಿನ ದಂತವೈದ್ಯ ಶಾಲೆಯ ಜೊತೆಗೂಡಿ ಮಾಡಿದ್ದು ವಿಮಾನದ ನಿಯಂತ್ರಣ ಸಾಧನಗಳನ್ನು ತಯಾರಿಸುವ ಕಂಪನಿ. ಅದರ ಹೆಸರನ್ನು ನಮ್ಮ ರೀತಿ ಓದಿದರೆ 'ಮೂಗ್' ಎಂದಾಗುತ್ತದೆ. ಹಲ್ಲಿನ ಯಂತ್ರಕ್ಕೆ ಮೂಗಿನ ಕಂಪನಿ!

ಬ್ಯಾಂಕಿನವನು ಜಮಾ ಮಾತ್ರ ಬರೆದು ಖರ್ಚು ಮರೆಯಬಾರದು. 2002ರಲ್ಲಿ ಅಮೆರಿಕದ ಯೇಲ್ ವಿಶ್ವವಿದ್ಯಾಲಯದ ವೈದ್ಯರು ಒಂದು ಪರೀಕ್ಷೆಯ ಫಲ ಪ್ರಕಟಿಸಿದರು. ಕಲಿಯುತ್ತಿರುವ 16 ಶಸ್ತ್ರವೈದ್ಯರಲ್ಲಿ ಅರ್ಧ ಮಂದಿಗೆ ಕಂಪ್ಯೂಟರಿನ ಅಭ್ಯಾಸ, ಇನ್ನರ್ಧಕ್ಕೆ ಮಾಮೂಲಿ ಪಾಠ. ಆಮೇಲೆ ಎಲ್ಲರೂ ಹಿರಿಯರ ಕಣ್ಗಾವಲಿನಲ್ಲಿ ಪಿತ್ತಕೋಶದ ಆಪರೇಷನ್ ಮಾಡಿದರು. ಅಭ್ಯಾಸ ಮಾಡಿದವರು ಅದನ್ನು ಬಿಡಿಸುವ ಕೆಲಸವನ್ನು 29% ಬೇಗ ಮುಗಿಸಿದರು. ಅಭ್ಯಾಸ ಮಾಡದವರು ಪಿತ್ತಕೋಶಕ್ಕೆ ಪೆಟ್ಟು ಮಾಡುವ ಇಲ್ಲವೇ ಬೇರೆ ಜಾಗ ಸುಡುವ ಸಂಭವ 5 ಪಟ್ಟು ಹೆಚ್ಚಿತ್ತು. ಇದು ಜಮಾ.

ಆದರೆ ಆ ಪರೀಕ್ಷೆಯ ಯಂತ್ರದಲ್ಲಿ ಮುಟ್ಟಿದ ಅನುಭವ ಇರಲೇ ಇಲ್ಲ, ಕಣ್ಣಿನ ಅಭ್ಯಾಸ ಮಾತ್ರ. ಹಾಗಾದರೆ ಈ ದುಬಾರಿ ಮೋಟರು ಯಾಕೆ? ನನಗೆ ತೋಚಿದ್ದು ಇಷ್ಟು. ಕ್ಯಾಮೆರಾ ನೋಡುತ್ತ ಉದ್ದನೆಯ ಉಪಕರಣವನ್ನು ಎತ್ತ ತಿರುಗಿಸಬೇಕು ಎಂಬುದನ್ನು ಕಲಿಯಲು ಕಣ್ಣೇ ಬಹಳ ಮಟ್ಟಿಗೆ ಸಾಕು. ಆದರೆ ಎಷ್ಟು ಒತ್ತಬೇಕು, ಎಲ್ಲಿ ನಿಲ್ಲಿಸಬೇಕು ಎಂಬುದು ಬೇರೆ. ಹಲ್ಲು ಕೊರೆಯುವುದು, ರಕ್ತನಾಳಕ್ಕೆ ಸೂಜಿ ಚುಚ್ಚುವುದು, ಮೂಳೆಗೆ ತೂತು ಕೊರೆಯುವುದು, ಇಲ್ಲೆಲ್ಲ ಕೈಗೆ ಕೈಯೇ ಗುರು. ಇನ್ನು ಯಂತ್ರ ಕೊಡುವ ಸ್ಪರ್ಶ ತಪ್ಪಾಗಿದ್ದರೆ ಸ್ಪರ್ಶ ಇಲ್ಲದಿರುವುದಕ್ಕಿಂತ ಕಷ್ಟ, ಏಕೆಂದರೆ ಕೈ ಆ ತಪ್ಪನ್ನೇ ನಂಬಿ ಕಲಿಯುತ್ತದೆ. ಬಿಳಿ ಕಾಗದದ ಕಟ್ಟು ಎಷ್ಟು ಬೆಲೆಬಾಳಿದರೂ ಬಿಳಿ ಕಾಗದವೇ. ಹಾಗಾಗಿ ಅನುಭವಸ್ಥ ವೈದ್ಯರು ಮೊದಲು ಮುಟ್ಟಿ ನೋಡಿ, "ಹೌದು, ಹಲ್ಲು ಹೀಗೇ ಇರುತ್ತದೆ" ಎಂದು ಹೇಳಬೇಕು.

ಕೊನೆಗೆ ಆ ದಿನ ಬಂತು. ಕುರ್ಚಿಯಲ್ಲಿ ಮಲಗಿ ಬಾಯಿ ತೆರೆದೆ. ಪಕ್ಕದಲ್ಲಿ ಅವಳ ಮೇಡಂ ನಿಂತಿದ್ದರು. ಪುಟ್ಟಿ ತನ್ನ ಬೆರಳೊಂದನ್ನು ನನ್ನ ಪಕ್ಕದ ಹಲ್ಲಿನ ಮೇಲೆ ಊರಿದಳು, ಕೈ ಜಾರದಿರಲಿ ಎಂದು ಹಾಗೆ ಊರಿಕೊಳ್ಳಬೇಕಂತೆ. ಆ ಬೆರಳು ಸಣ್ಣಗೆ ನಡುಗುತ್ತಿದ್ದದ್ದು ನನ್ನ ಹಲ್ಲಿಗೆ ತಿಳಿಯಿತು. "ನೋವಾದ್ರೆ ಎಡಗೈ ಎತ್ತು ಅಜ್ಜ" ಎಂದಳು. ಡ್ರಿಲ್ ಶುರುವಾಯಿತು. ಸ್ವಲ್ಪ ಹೊತ್ತಿಗೆ ಬೆರಳಿನ ನಡುಕ ನಿಂತಿತು. ನಾನು ಕಣ್ಣು ಮುಚ್ಚಿದೆ.

ಮಧ್ಯೆ ಒಮ್ಮೆ ಕೈ ಎತ್ತಿದೆ. ಕೂಡಲೇ ನಿಲ್ಲಿಸಿ, ಬಿಳಿಚಿದ ಮುಖದಿಂದ "ನೋವಾಯ್ತಾ?" ಎಂದಳು. "ಇಲ್ಲ ಮಗಾ, ಉಗುಳು ನುಂಗಬೇಕಿತ್ತು" ಎಂದೆ. ಮೇಡಂ ನಕ್ಕರು. ಒಂದು ಕಡೆ ಹುಳುಕು ಉಳಿದಿದೆ ಎಂದು ಅವರು ಮತ್ತೆ ಕೊರೆಸಿದರು. ಫಿಲ್ಲಿಂಗ್ ಮುಗಿಯುವಾಗ ಒಂದೂವರೆ ಗಂಟೆ ಆಗಿತ್ತು. ಹೊರಗೆ ಬಂದು ಪುಟ್ಟಿ ಹೇಳಿದಳು: "ಮಿಷನ್ನಲ್ಲಿ ನಾಲಿಗೆ ಅಡ್ಡ ಬರಲ್ಲ ಅಜ್ಜ. ಅದು ಕೈನೂ ಎತ್ತಲ್ಲ. ಆದ್ರೆ ನಿನ್ನ ಹಲ್ಲಲ್ಲಿ ಗಟ್ಟಿ ಸಿಕ್ಕಿದಾಗ ನನ್ನ ಕೈಗೆ ಅದು ಮೊದಲೇ ಪರಿಚಯ ಇತ್ತು." ಆ ಮಾತು ಕೇಳಿ ನನ್ನ ಹೆಡ್ ಕ್ಯಾಷಿಯರ್ ಇದ್ದಿದ್ದರೆ ಎಷ್ಟು ಸಂತೋಷಪಡುತ್ತಿದ್ದರೋ ಅನ್ನಿಸಿತು.

ಇನ್ನು ಈ ವಾರದ ಮನೆಕೆಲಸ, ಮಕ್ಕಳಿಗೂ ಅಜ್ಜ-ಅಜ್ಜಿಯರಿಗೂ ಒಟ್ಟಿಗೆ. ಒಂದು ದೋರೆ ಸೀಬೆಕಾಯಿ, ಒಂದು ಹಣ್ಣು ಬಾಳೆ, ಒಂದು ಟೊಮೆಟೊ ತಟ್ಟೆಯಲ್ಲಿಡಿ. ದೊಡ್ಡವರು ಪಕ್ಕದಲ್ಲಿರಲಿ. ಕಣ್ಣು ಮುಚ್ಚಿ ಹಲ್ಲುಕಡ್ಡಿಯಿಂದ ಮೆಲ್ಲಗೆ ಚುಚ್ಚಿ. ಸಿಪ್ಪೆ ದಾಟುವ ಕ್ಷಣ ಟಪ್ ಎಂದು ಕೈಗೆ ತಿಳಿಯುತ್ತದಲ್ಲ, ನರ್ಸಮ್ಮ ಸೂಜಿ ಚುಚ್ಚುವಾಗ ಹುಡುಕುವುದು ಅಂಥದ್ದೇ ಒಂದು ಸೂಚನೆಯನ್ನು. ಆಮೇಲೆ ಅಜ್ಜಿಯ ಹತ್ತಿರ ಒಂದು ಹೊಸ 100 ರೂಪಾಯಿ, ಒಂದು ಹೊಸ 500 ರೂಪಾಯಿ ನೋಟು ಕೇಳಿ ಪಡೆದು, ಕಣ್ಣು ಮುಚ್ಚಿ ಸವರಿ ನೋಡಿ. ದೃಷ್ಟಿ ಇಲ್ಲದವರ ಅನುಕೂಲಕ್ಕೆ 100ರಲ್ಲಿ ಉಬ್ಬಿದ ತ್ರಿಕೋನ, 500ರಲ್ಲಿ ಉಬ್ಬಿದ ವೃತ್ತ ಇದೆ. ಅಂಚಿನಲ್ಲಿ ಗೆರೆಗಳೂ ಇವೆ, 100ಕ್ಕೆ 4, 500ಕ್ಕೆ 5. ಬೆರಳಿಗೆ ಸಿಕ್ಕಿತೇ?

ಸಿಗದಿದ್ದರೆ ಬೇಜಾರು ಬೇಡ, ನಾಳೆ ಮತ್ತೆ ನೋಡಿ. ಆದರೆ ನೋಟು ಮಾತ್ರ ಮರೆಯದೆ ಅಜ್ಜಿಗೆ ವಾಪಸ್ ಕೊಡಿ. ಸಂಜೆ ಲೆಕ್ಕದಲ್ಲಿ ಕಡಿಮೆ ಬರಬಾರದು!